ಬರವಣಿಗೆಯ ಹೊತ್ತು, ಬಿಡುವಿನ ಹೊತ್ತು

ಕಾದಂಬರಿ ಬರೆಯುವುದು ವರ್ಷಗಟ್ಟಲೆ ಹಿಡಿಯುವ ಕೆಲಸ. ಸಣ್ಣಕತೆಯೊಂದನ್ನು ನಾಲ್ಕು ದಿನ ರಜೆ ಹಾಕಿ ಮುಗಿಸಬಹುದು. ಕಾದಂಬರಿಗೆ ದಿನನಿತ್ಯದ ಬದುಕಿನೊಳಗೇ ಜಾಗ ಮಾಡಿಕೊಡಬೇಕು. ಕನ್ನಡದಲ್ಲಂತೂ ಬರೆದೇ ಸಂಸಾರ ನಡೆಸಿದ ಕಾದಂಬರಿಕಾರರು ಕಡಿಮೆ. ಯಶವಂತ ಚಿತ್ತಾಲರು ಮುಂಬೈಯಲ್ಲಿ ಪಾಲಿಮರ್ ತಂತ್ರಜ್ಞರಾಗಿ ದುಡಿಯುತ್ತಲೇ ‘ಶಿಕಾರಿ’ (1979) ಬರೆದರು. ಇಂಥವರಿಗೆ ನೌಕರಿ ಮುಗಿದ ಮೇಲೆ ಉಳಿಯುವ ಒಂದೆರಡು ಗಂಟೆಗೆ ಬರವಣಿಗೆಯೊಂದೇ ಹಕ್ಕುದಾರನಲ್ಲ. ಓದಬೇಕೆಂದು ತಂದಿಟ್ಟ ಪುಸ್ತಕ, ಕೇಳಬೇಕೆಂದಿರುವ ಸಂಗೀತ, ಈಚಿನ ತಲೆಮಾರಿಗಾದರೆ ವಿಡಿಯೊ ಗೇಮ್, ಎಲ್ಲವೂ ಅದೇ ಹೊತ್ತಿಗೆ ಕಾದಿರುತ್ತವೆ. ಮೂರನ್ನೂ ಹವ್ಯಾಸವೆಂದು ಒಟ್ಟಿಗೆ ಸೇರಿಸುವುದು ವಾಡಿಕೆಯಾದರೂ ಅವು ಬರೆಯುವವರಿಂದ ಕಿತ್ತುಕೊಳ್ಳುವುದೂ ಕೊಡುವುದೂ ಬೇರೆ ಬೇರೆ.

ಓದು ಬರವಣಿಗೆಗೆ ತೀರ ಹತ್ತಿರದ್ದು. ತೊಡಕು ಹುಟ್ಟುವುದೂ ಅದರಿಂದಲೇ. ರಾತ್ರಿ ‘ಮಲೆಗಳಲ್ಲಿ ಮದುಮಗಳು’ ಓದಿ ಮಲಗಿದವರ ಪಾತ್ರಗಳು ಕಲಬುರ್ಗಿಯವರಾಗಿದ್ದರೂ ಬೆಳಿಗ್ಗೆ ಮಲೆನಾಡಿನ ಧಾಟಿಯಲ್ಲಿ ಮಾತಾಡತೊಡಗುತ್ತವೆ. ‘ಕುಸುಮಬಾಲೆ’ಯ ನುಡಿಯಂತೂ ಇನ್ನೂ ಬೇಗ ಅಂಟುತ್ತದೆ. ಹಾಗಾಗಿ ಮೊದಲ ಕರಡು ನಡೆಯುವ ತಿಂಗಳುಗಳಲ್ಲಿ ಬೇರೆಯವರ ಕಾದಂಬರಿ ಮುಟ್ಟದೆ ಇತಿಹಾಸ, ವಿಜ್ಞಾನ, ಜೀವನಚರಿತ್ರೆಗಳತ್ತ ಹೊರಳುವ ಲೇಖಕರಿದ್ದಾರೆ. ತಿದ್ದುವ ಹಂತದಲ್ಲಿ ಈ ಮಡಿ ಬೇಕಿಲ್ಲ. ಒಳ್ಳೆಯ ಗದ್ಯದ ಪಕ್ಕದಲ್ಲಿಟ್ಟಾಗಲೇ ತನ್ನ ವಾಕ್ಯದ ಜೊಳ್ಳು ಕಣ್ಣಿಗೆ ಬೀಳುವುದು.

ಕಾದಂಬರಿಗಾಗಿಯೇ ಓದುವ ಓದು ಇನ್ನೊಂದು ಬಗೆ. ‘ಪರ್ವ’ (1979) ಬರೆಯುವ ಮುನ್ನ ಎಸ್.ಎಲ್. ಭೈರಪ್ಪ ಮಹಾಭಾರತವನ್ನೂ ಅದರ ಸುತ್ತಲಿನ ಗ್ರಂಥಗಳನ್ನೂ ಓದಿದ್ದಲ್ಲದೆ ಆ ಕಥೆಯ ಊರುಗಳನ್ನು ಸುತ್ತಿಬಂದರು. ಅದನ್ನು ಬರವಣಿಗೆಯ ಲೆಕ್ಕಕ್ಕೇ ಹಾಕಬೇಕು. ಅಪಾಯವಿಷ್ಟೇ: ಟಿಪ್ಪಣಿ ಮಾಡುತ್ತ ಕೂತವರಿಗೆ ಕೆಲಸ ಸಾಗುತ್ತಿದೆ ಎನ್ನಿಸುತ್ತಿರುತ್ತದೆ, ಮೊದಲ ಅಧ್ಯಾಯ ಮಾತ್ರ ಶುರುವಾಗಿರುವುದಿಲ್ಲ.

ಸಂಗೀತದೊಡನೆ ಹೊಂದಿಕೊಳ್ಳುವುದು ಮೇಲ್ನೋಟಕ್ಕೆ ಸುಲಭ. ಸಂಭಾಷಣೆ ಬರೆಯುವಾಗ ಭಾವಗೀತೆ ಹಾಕಿಕೊಂಡರೆ ಅದರ ಸಾಲು ಪಾತ್ರದ ಬಾಯಿಗೆ ನುಗ್ಗುತ್ತದೆ; ವಾದ್ಯಸಂಗೀತಕ್ಕೆ ಆ ಕಾಟವಿಲ್ಲ. ಆದರೆ ಮಲ್ಲಿಕಾರ್ಜುನ ಮನಸೂರರ ಗಾಯನವನ್ನು ಹಿನ್ನೆಲೆಗೆ ಹಾಕಿಕೊಂಡು ಬರೆಯುತ್ತೇನೆ ಎನ್ನುವವರು ಒಂದೋ ಕೇಳುತ್ತಿಲ್ಲ, ಇಲ್ಲ ಬರೆಯುತ್ತಿಲ್ಲ. ಕೇಳುವುದಕ್ಕೂ ಬೇರೆ ಹೊತ್ತು ಬೇಕು. ತ.ರಾ.ಸು. ಅವರ ‘ಹಂಸಗೀತೆ’, ಭೈರಪ್ಪನವರ ‘ಮಂದ್ರ’ದಂಥ ಸಂಗೀತಗಾರರ ಕಾದಂಬರಿಗಳು ಹಾಗೆ ಕೂತು ಕೇಳಿದವರಿಗಷ್ಟೇ ಸಾಧ್ಯ.

ಜಪಾನಿನ ಹರುಕಿ ಮುರಕಾಮಿಯವರಲ್ಲಿ ಈ ಹೊಂದಾಣಿಕೆಯ ಎರಡು ಘಟ್ಟಗಳು ಸ್ಪಷ್ಟವಾಗಿ ಕಾಣುತ್ತವೆ. 1974ರಲ್ಲಿ ಅವರು ಟೋಕಿಯೊದಲ್ಲಿ ‘ಪೀಟರ್ ಕ್ಯಾಟ್’ ಎಂಬ ಜಾಜ್ ಬಾರ್ ತೆರೆದರು. ಮೊದಲ ಎರಡು ಕಿರುಕಾದಂಬರಿಗಳನ್ನು ಬರೆದದ್ದು ರಾತ್ರಿ ಅಂಗಡಿ ಮುಚ್ಚಿದ ಮೇಲೆ, ಅಡುಗೆಮನೆಯ ಮೇಜಿನ ಮುಂದೆ. ಎರಡನೆಯದಾದ ‘ಪಿನ್‌ಬಾಲ್, 1973’ (1980) ಕೃತಿಯ ನಾಯಕ ತಾನು ಒಮ್ಮೆ ಆಡುತ್ತಿದ್ದ ಪಿನ್‌ಬಾಲ್ ಯಂತ್ರವೊಂದನ್ನು ಹುಡುಕಿಕೊಂಡು ಅಲೆಯುತ್ತಾನೆ. ವಿಡಿಯೊ ಗೇಮ್ ಮನೆಮನೆಗೆ ಬರುವ ಮುಂಚಿನ ಆಟದ ಹುಚ್ಚಿನ ಕಥೆ ಅದು. ದೊಡ್ಡ ಕಾದಂಬರಿಗೆ ಕೈಹಾಕುವಾಗ ಈ ಏರ್ಪಾಡು ಸಾಲದೆಂದು 1981ರಲ್ಲಿ ಬಾರನ್ನು ಮಾರಿದರು. ಆಮೇಲಿನ ದಿನಚರಿ ಪ್ರಸಿದ್ಧ: ಬೆಳಗಿನ ನಾಲ್ಕಕ್ಕೆ ಏಳುವುದು, ಐದಾರು ಗಂಟೆ ಬರೆಯುವುದು, ಮಧ್ಯಾಹ್ನ ಹತ್ತು ಕಿಲೋಮೀಟರ್ ಓಟ ಅಥವಾ ಈಜು, ಬಳಿಕ ಓದು ಮತ್ತು ಸಂಗೀತ, ರಾತ್ರಿ ಒಂಬತ್ತಕ್ಕೆ ನಿದ್ದೆ. ಓದು, ಸಂಗೀತಗಳಿಗೆ ಇಲ್ಲಿ ಸಿಕ್ಕಿರುವುದು ದಣಿದ ಹೊತ್ತು. ಚುರುಕಾದ ಹೊತ್ತೆಲ್ಲ ಕಾದಂಬರಿಯದು. ಮನೆಯಲ್ಲಿ ಮಕ್ಕಳಿರುವವರಿಗೆ ಈ ವೇಳಾಪಟ್ಟಿ ಕೂಡಿಬರುವುದು ಕಷ್ಟ ಎನ್ನುವುದನ್ನೂ ಹೇಳಬೇಕು.

ವಿಡಿಯೊ ಗೇಮ್‌ನ ಮೇಲಿರುವ ದೂರು ಸಮಯದ್ದು. ನಿಜವಾದ ಪೈಪೋಟಿ ತೃಪ್ತಿಯದು. ಕಾದಂಬರಿ ಸರಿಯಾದ ದಾರಿಯಲ್ಲಿದೆಯೇ ಎಂದು ಎರಡು ವರ್ಷ ಬರೆದರೂ ತಿಳಿಯುವುದಿಲ್ಲ. ಆಟದಲ್ಲಿ ಗುರಿ ಕಣ್ಣೆದುರೇ ಇರುತ್ತದೆ, ಅಂಕ ಆಗಿಂದಾಗಲೇ ಸಿಗುತ್ತದೆ, ಸೋತರೆ ಸೇವ್ ಮಾಡಿದ ಜಾಗದಿಂದ ಮತ್ತೆ ಶುರು. ಸಿಡ್ ಮೈಯರ್ ಅವರ ‘ಸಿವಿಲೈಸೇಶನ್’ (1991) ಆಡುವವರಿಗೆ ‘ಇನ್ನೊಂದೇ ಸರದಿ’ ಎನ್ನುತ್ತ ಬೆಳಕು ಹರಿಯುವುದು ಗೊತ್ತಿರುವ ಸಂಗತಿ. ಬರೆಯುವ ಮುಂಚೆ ಆಡಿದರೆ ಆ ದಿನದ ಗೆಲುವಿನ ಹಸಿವು ಅಲ್ಲೇ ತೀರಿಹೋಗುತ್ತದೆ. ಬರೆದಾದ ಮೇಲೆ ಆಡಿದರೆ ನಷ್ಟ ಕಡಿಮೆ. ದೀರ್ಘ ಕಥನವಿರುವ ಆಟಗಳು ಕಾದಂಬರಿ ಓದಿದಷ್ಟೇ ಮನಸ್ಸನ್ನು ಆಕ್ರಮಿಸುತ್ತವೆ. ಫೋನಿನ ಒಗಟಿನ ಆಟಗಳಿಗೆ ಆ ಶಕ್ತಿಯಿಲ್ಲ, ಆದರೆ ಅವು ಗಮನವನ್ನು ಚೂರು ಮಾಡುತ್ತವೆ.

ಇವೆಲ್ಲವೂ ಒಬ್ಬರಲ್ಲೇ ಸೇರಿದ್ದು ಇಂಗ್ಲೆಂಡಿನ ಡಗ್ಲಸ್ ಆಡಮ್ಸ್ ಅವರಲ್ಲಿ. ಎಡಗೈ ಗಿಟಾರುಗಳ ಸಂಗ್ರಾಹಕ, ವುಡ್‌ಹೌಸ್ ಅಭಿಮಾನಿ, ಕಂಪ್ಯೂಟರಿನ ಹುಚ್ಚ, ಗಡುವು ತಪ್ಪಿಸುವುದರಲ್ಲಿ ನಿಸ್ಸೀಮ. 1984ರಲ್ಲಿ ಅವರ ಮೇಲೆ ಎರಡು ಹೊರೆಗಳಿದ್ದವು: ‘ಹಿಚ್‌ಹೈಕರ್ಸ್’ ಸರಣಿಯ ನಾಲ್ಕನೆಯ ಕಾದಂಬರಿ ಮತ್ತು ಅದೇ ಸರಣಿಯನ್ನು ಆಧರಿಸಿದ ಕಂಪ್ಯೂಟರ್ ಆಟ. ಆಟ ಮುಗಿಸಲು ಇನ್ಫೋಕಾಮ್ ಕಂಪನಿಯ ಸ್ಟೀವ್ ಮೆರೆಟ್ಸ್‌ಕಿ ಅಮೆರಿಕದಿಂದ ಹಾರಿಬಂದರು. ಕಾದಂಬರಿ ಬರೆಸಲು ಪ್ರಕಾಶಕ ಸನ್ನಿ ಮೆಹ್ತಾ ಲಂಡನ್ನಿನ ಹೋಟೆಲಿನಲ್ಲಿ ಅವರ ಜೊತೆಗೇ ಕಾವಲು ಕೂತರು. ಎರಡೂ ಅದೇ ವರ್ಷ ಹೊರಬಂದವು. ಆಟದಲ್ಲಿ ಒಂದೂ ಚಿತ್ರವಿರಲಿಲ್ಲ. ಪರದೆಯ ಮೇಲಿನ ಗದ್ಯವನ್ನು ಓದಿ ಏನು ಮಾಡಬೇಕೆಂದು ಟೈಪ್ ಮಾಡಬೇಕಿತ್ತು. ಉದಾಹರಣೆಗೆ, ಕಿವಿಯಲ್ಲಿಟ್ಟುಕೊಂಡರೆ ಯಾವ ಭಾಷೆಯೂ ಅರ್ಥವಾಗುವಂತೆ ಮಾಡುವ ಬೇಬಲ್ ಮೀನು ಯಂತ್ರದಿಂದ ಚಿಮ್ಮಿದಾಗ ಅದನ್ನು ಹಿಡಿಯಲು ಕೊಕ್ಕೆಗೆ ಗೌನು ನೇತುಹಾಕಿ, ನೀರು ಹೋಗುವ ಜಾಲರಿಗೆ ಟವೆಲ್ ಹೊದಿಸಿ, ಗೋಡೆಯ ಕಿಂಡಿಯ ಮುಂದೆ ಚೀಲವಿಟ್ಟು, ಚೀಲದ ಮೇಲೆ ಬೇಡದ ಅಂಚೆಯ ರಾಶಿ ಹಾಕಬೇಕು. ಇದು ಆಡಮ್ಸರ ಗದ್ಯದ ತಮಾಷೆಯೇ, ಓದುಗನ ಕೈಯಿಂದ ಮಾಡಿಸಿದ್ದು.

ಮುಂದೆ ‘ಸ್ಟಾರ್‌ಶಿಪ್ ಟೈಟಾನಿಕ್’ (1998) ಆಟದ ಹೊತ್ತಿಗೆ ಎರಡನ್ನೂ ನಿಭಾಯಿಸಲಾಗಲಿಲ್ಲ. ಆಟವನ್ನು ಆಡಮ್ಸ್ ಇಟ್ಟುಕೊಂಡರು. ಜೊತೆಯ ಕಾದಂಬರಿಯನ್ನು ಟೆರಿ ಜೋನ್ಸ್ ಬರೆದುಕೊಟ್ಟರು.

ನಂತರದ ತಲೆಮಾರಿನ ನವೋಮಿ ಆಲ್ಡರ್‌ಮನ್ ಆಟವನ್ನು ಬಿಡುವಿಗೆ ಬಿಡದೆ ಬರವಣಿಗೆಯ ಕೆಲಸವಾಗಿಯೇ ತೆಗೆದುಕೊಂಡವರು. 2017ರಲ್ಲಿ ಮಹಿಳಾ ಕಾದಂಬರಿ ಪ್ರಶಸ್ತಿ ಪಡೆದ ‘ದಿ ಪವರ್’ ಅವರದು. 2012ರಲ್ಲಿ ಬಂದ ‘ಝಾಂಬೀಸ್, ರನ್!’ ಎಂಬ ಫೋನ್ ಆಟದ ಸಹನಿರ್ಮಾತೃವೂ ಕಥೆಗಾರ್ತಿಯೂ ಅವರೇ. ಅದನ್ನು ಆಡುವವರು ರಸ್ತೆಯಲ್ಲಿ ನಿಜವಾಗಿಯೇ ಓಡಬೇಕು. ಕಥೆ ಇಯರ್‌ಫೋನಿನಲ್ಲಿ ತುಣುಕು ತುಣುಕಾಗಿ ಬರುತ್ತದೆ, ನಡುನಡುವೆ ಅವರವರು ಆರಿಸಿಟ್ಟುಕೊಂಡ ಹಾಡುಗಳು ಕೇಳುತ್ತವೆ.