ಹಳೆಯ ಫಿಲ್ಮು, ಹಗುರವಾದ ಕಿಸೆ

ಕೈಯಲ್ಲಿರುವ ಮೊಬೈಲಿನಲ್ಲೇ ಚಿತ್ರ ತೆಗೆಯಬಹುದಾದ ಈ ಕಾಲದಲ್ಲಿಯೂ ಹಾಡೊಂದರ ಚಿತ್ರೀಕರಣಕ್ಕಾಗಿ ಹಳೆಯ ಸೂಪರ್ 8 ಅಥವಾ 16 ಮಿ.ಮೀ. ಕ್ಯಾಮೆರಾವನ್ನು ಹುಡುಕಿಕೊಂಡು ಹೋಗುವ ತರುಣರುಂಟು. ಹಿರಿಯರು ಇದನ್ನು ದುಂದುವೆಚ್ಚವೆನ್ನುತ್ತಾರೆ, ತರುಣರು ಕಲೆಯೆನ್ನುತ್ತಾರೆ. ಎರಡು ಮಾತಿನಲ್ಲಿಯೂ ಅರ್ಧ ಸತ್ಯವಿದೆ. ಉಳಿದರ್ಧವನ್ನು ಲೆಕ್ಕದ ಪುಸ್ತಕವೇ ಹೇಳಬೇಕು.

1965ರಲ್ಲಿ ಬಳಕೆಗೆ ಬಂದ ಸೂಪರ್ 8ರ ಒಂದು ಕಾರ್ಟ್ರಿಜ್‌ನಲ್ಲಿ 50 ಅಡಿ ಫಿಲ್ಮ್ ಇರುತ್ತದೆ. ಅಡಿಗೆ 72ರಂತೆ ಒಟ್ಟು 3600 ಫ್ರೇಮ್‌ಗಳು. ಸೆಕೆಂಡಿಗೆ 24 ಫ್ರೇಮ್‌ಗಳ ವೇಗದಲ್ಲಿ ಅದು ಎರಡೂವರೆ ನಿಮಿಷಕ್ಕೆ ಮುಗಿಯುತ್ತದೆ. ನಾಲ್ಕು ನಿಮಿಷದ ಹಾಡನ್ನು ಮೂರು ಸಲ ಚಿತ್ರಿಸಿದರೆ ಐದು ಕಾರ್ಟ್ರಿಜ್ ಬೇಕು. ಫಿಲ್ಮಿನ ಬೆಲೆಯೊಡನೆ ಅದನ್ನು ತೊಳೆಸುವ, ಸ್ಕ್ಯಾನ್ ಮಾಡಿಸುವ, ಲ್ಯಾಬಿಗೆ ಕಳುಹಿಸುವ ಖರ್ಚೂ ಸೇರುತ್ತದೆ.

ಈ ಲೆಕ್ಕಕ್ಕೆ ಹೆದರಿ, ಅವಧಿ ಮೀರಿದ ಫಿಲ್ಮನ್ನು ಅಗ್ಗಕ್ಕೆ ಕೊಳ್ಳುವವರಿದ್ದಾರೆ. ಇದು ಉಳಿತಾಯವಲ್ಲ. ವರ್ಷ ಕಳೆದಂತೆ ಫಿಲ್ಮಿನ ಬೆಳಕು ಹಿಡಿಯುವ ಶಕ್ತಿ ಕುಂದುತ್ತದೆ, ಬಣ್ಣ ಕೆಡುತ್ತದೆ, ಚಿತ್ರದ ಮೇಲೆ ಮಂಜು ಕವಿಯುತ್ತದೆ. ಸೆಕೆಯಲ್ಲಿ ಇಟ್ಟಿದ್ದರಂತೂ ಕೇಡು ಇನ್ನೂ ಬೇಗ. ಹೆಸರಾಂತ ಕೊಡಾಕ್ರೋಮ್ ತಯಾರಿಕೆ 2009ರಲ್ಲೇ ನಿಂತಿತು. ಅದನ್ನು ತೊಳೆಯುತ್ತಿದ್ದ ಅಮೆರಿಕದ ಕೊನೆಯ ಲ್ಯಾಬ್ 2010ರ ಕೊನೆಗೆ ಹೊಸ ಸುರುಳಿಗಳನ್ನು ಸ್ವೀಕರಿಸುವುದನ್ನು ನಿಲ್ಲಿಸಿತು. ಎಂಬತ್ತು ದಾಟಿದ ಅಜ್ಜಿಯೊಬ್ಬರು ಹಸೆಗೆ ಕರೆಯುವ ಹಾಡನ್ನು ಕ್ಯಾಮೆರಾದ ಮುಂದೆ ಮತ್ತೆ ಮತ್ತೆ ಹಾಡಲಾರರು. ಆ ಒಂದು ಗಳಿಗೆ ಮಂಜಿನಲ್ಲಿ ಕಳೆದುಹೋದರೆ, ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬಂತಾಗುತ್ತದೆ.

ಉಳಿತಾಯ ಮಾಡಬೇಕಾದುದು ಫಿಲ್ಮಿನ ಗುಣದಲ್ಲಲ್ಲ, ಅದರ ಬಳಕೆಯಲ್ಲಿ. 1965ರಲ್ಲಿ ಲಂಡನ್ನಿನ ಸವಾಯ್ ಹೋಟೆಲಿನ ಹಿಂದಿನ ಓಣಿಯಲ್ಲಿ ಡಿ.ಎ. ಪೆನ್ನೆಬೇಕರ್ ಅವರು ಬಾಬ್ ಡಿಲನ್ ಅವರ ‘ಸಬ್‌ಟೆರೇನಿಯನ್ ಹೋಮ್‌ಸಿಕ್ ಬ್ಲೂಸ್’ ಹಾಡನ್ನು ಚಿತ್ರಿಸಿದರು. ಗಾಯಕರು ತುಟಿ ಆಡಿಸಲಿಲ್ಲ. ಹಾಡಿನ ಪದಗಳನ್ನು ಬರೆದ ರಟ್ಟುಗಳನ್ನು ಒಂದೊಂದಾಗಿ ತೋರಿಸಿ ಕೆಳಗೆಸೆದರು. ಸೆಟ್ಟಿಲ್ಲ, ವೇಷಭೂಷಣವಿಲ್ಲ, ಇಡೀ ಹಾಡು ಒಂದೇ ಓಟದಲ್ಲಿ ಮುಗಿಯಿತು. ಹಳೆಯ ಸಣ್ಣ ಕ್ಯಾಮೆರಾಗಳ ವೇಗ ಒಂದೇ ಸಮನಿರದ ಕಾರಣ ತುಟಿಗೂ ಧ್ವನಿಗೂ ಹೊಂದಿಕೆ ತಪ್ಪುತ್ತದೆ. ಕೀಲಿ ಕೊಟ್ಟು ನಡೆಸುವ ಬೋಲೆಕ್ಸ್ ಒಂದು ಕೀಲಿಗೆ ಅರ್ಧ ನಿಮಿಷದಷ್ಟೂ ಓಡುವುದಿಲ್ಲ. ಆದ್ದರಿಂದ ಅಜ್ಜಿಯ ಧ್ವನಿಯನ್ನು ಮೊದಲೇ ಬೇರೆಯಾಗಿ ಮುದ್ರಿಸಿಕೊಂಡು, ಹಸೆ ಬರೆಯುವ ಕೈಯನ್ನೂ ಕೇಳುತ್ತ ಕುಳಿತ ಮೊಮ್ಮಕ್ಕಳ ಮುಖಗಳನ್ನೂ ಚಿಕ್ಕ ಚಿಕ್ಕ ತುಣುಕುಗಳಲ್ಲಿ ಹಿಡಿಯುವುದು ಲೇಸು. ಅಭ್ಯಾಸವನ್ನೆಲ್ಲ ಮೊಬೈಲಿನಲ್ಲಿ ಮುಗಿಸಿ, ಫಿಲ್ಮನ್ನು ಕೊನೆಗೆ ಓಡಿಸಬೇಕು.

ಕೆಲಸ ಅಲ್ಲಿಗೆ ಮುಗಿಯದು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ತೆರೆಗೆ ಬಂದಿತು. ಅದು ತಯಾರಾದುದು ಹೊರನಾಡಾದ ಕೊಲ್ಲಾಪುರದಲ್ಲಿ. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ಸ್ಕ್ಯಾನ್ ಆಯಿತೆಂದು ನೆಗೆಟಿವನ್ನು ಅಟ್ಟಕ್ಕೆ ಎಸೆಯುವವರು ಇದನ್ನು ನೆನೆಯಬೇಕು. ಮುಂಬಯಿ, ಚೆನ್ನೈಗಳ ತೇವವೂ ಸೆಕೆಯೂ ಅಸಿಟೇಟ್ ಫಿಲ್ಮಿಗೆ ಶತ್ರುಗಳು. ಡಬ್ಬಿಯಿಂದ ವಿನಿಗರಿನ ಹುಳಿವಾಸನೆ ಬಂದರೆ ಫಿಲ್ಮು ಕೆಡಲಾರಂಭಿಸಿದೆ ಎಂದೇ ಅರ್ಥ. ತಂಪಾದ, ಒಣಗಿದ ಜಾಗದ ಏರ್ಪಾಡೂ ಆಯವ್ಯಯದಲ್ಲಿ ಸೇರಿರಬೇಕು.

ಹೊರನಾಡಿನ ಸಂಘಗಳ ಹಿರಿಯರು ಇಂಥ ತರುಣರನ್ನು ಗದರಿಸಿ ಕಳುಹಿಸುವ ಬದಲು, ಎರಡು ಹೊಸ ಸುರುಳಿಗಳ ಹಣ ಕೊಟ್ಟು ಅಡಿ ಅಡಿಗೂ ಲೆಕ್ಕ ಕೇಳುವುದು ಉಚಿತ. ಹಾಡು ಬಲ್ಲ ಅಜ್ಜಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಆ ನಷ್ಟಕ್ಕೆ ಯಾವ ಖಾತೆಯಲ್ಲಿಯೂ ಭರ್ತಿಯಿಲ್ಲ.