ತಕ್ಕಡಿಯ ಮುಳ್ಳು ನಿಂತಾಗ

ಹಾಸನ ಜಿಲ್ಲೆಯಿಂದ ದ್ವಿತೀಯ ಪಿ.ಯು.ಸಿ. ವಿದ್ಯಾರ್ಥಿನಿಯೊಬ್ಬಳು ಬರೆದಿದ್ದಾಳೆ. ತಂದೆಗೆ 49 ವರ್ಷ, ಸಕ್ಕರೆ ಕಾಯಿಲೆ ಬಂದು ಮೂರು ವರ್ಷ. ತೂಕ ಇಳಿಸಲೇಬೇಕೆಂದು ವೈದ್ಯರು ಹೇಳಿದ ಮೇಲೆ ಅವರು ಸಿಹಿ ಬಿಟ್ಟರು, ಅನ್ನ ಕಡಿಮೆ ಮಾಡಿದರು, ಬೆಳಿಗ್ಗೆ ಎದ್ದು ನಡೆಯತೊಡಗಿದರು. ನಾಲ್ಕು ತಿಂಗಳಲ್ಲಿ 82 ಕಿಲೋದಿಂದ 75ಕ್ಕೆ ಬಂದರು. ಅಲ್ಲಿಂದೀಚೆಗೆ ಏಳು ವಾರವಾದರೂ ತಕ್ಕಡಿಯ ಮುಳ್ಳು ಅಲುಗಿಲ್ಲ. ಬೇಸತ್ತು ಈಗ ರಾತ್ರಿಯ ಊಟವನ್ನೇ ಬಿಟ್ಟಿದ್ದಾರೆ. ಮಾತ್ರೆ ಮಾತ್ರ ತಪ್ಪಿಸುವುದಿಲ್ಲ. "ಮೊನ್ನೆ ರಾತ್ರಿ ಹನ್ನೊಂದರ ಹೊತ್ತಿಗೆ ಅಪ್ಪನ ಮೈಯೆಲ್ಲ ಬೆವರಿತ್ತು, ಕೈ ನಡುಗುತ್ತಿತ್ತು, ನನ್ನನ್ನು ಅತ್ತೆಯ ಹೆಸರಿನಿಂದ ಕರೆದರು. ಇದು ಕೊಬ್ಬು ಕರಗುತ್ತಿರುವ ಲಕ್ಷಣವೇ?" ಎಂದು ಕೇಳಿದ್ದಾಳೆ.

ಖಂಡಿತ ಅಲ್ಲ. ರಕ್ತದಲ್ಲಿ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿದಿರುವ ಲಕ್ಷಣ ಇದು. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆಗಳಾಗಲಿ, ಇನ್ಸುಲಿನ್ ಚುಚ್ಚುಮದ್ದಾಗಲಿ, ನೀವು ಉಂಡಿದ್ದೀರೋ ಇಲ್ಲವೋ ಎಂದು ಕೇಳಿ ಕೆಲಸ ಮಾಡುವುದಿಲ್ಲ. ಊಟ ಬಿಟ್ಟು ಔಷಧಿ ತೆಗೆದುಕೊಂಡರೆ ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗೆ ಹೋಗಬಹುದು. ಬೆವರು, ನಡುಕ, ಎದೆ ಹೊಡೆದುಕೊಳ್ಳುವುದು, ಕಣ್ಣು ಮಂಜಾಗುವುದು, ಮಾತು ತಡವರಿಸುವುದು, ಇವೆಲ್ಲ ಅದರ ಮುನ್ಸೂಚನೆಗಳು. ತಕ್ಷಣ ಮೂರು ಸಣ್ಣ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ಹದಿನೈದು ನಿಮಿಷದಲ್ಲಿ ಚೇತರಿಕೆ ಕಾಣದಿದ್ದರೆ ಇನ್ನೊಮ್ಮೆ ಕುಡಿಸಬೇಕು, ಚೇತರಿಸಿಕೊಂಡ ಮೇಲೆ ಏನಾದರೂ ತಿನ್ನಿಸಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು, ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು. ಏಳು ಕಿಲೋ ಇಳಿದಿರುವ ದೇಹಕ್ಕೆ ಹಿಂದಿನಷ್ಟೇ ಮಾತ್ರೆ ಬೇಕಾಗದೆಯೂ ಇರಬಹುದು. ಅದನ್ನು ಇಳಿಸುವುದು ವೈದ್ಯರ ಕೆಲಸ, ಆದರೆ ತೂಕ ಇಳಿದಿದೆ, ಹೀಗೆ ಬೆವರಿತ್ತು ಎಂದು ಅವರಿಗೆ ತಿಳಿಸುವುದು ಮನೆಯವರ ಕೆಲಸ. ಈ ಲೇಖನವನ್ನು ಪೂರ್ತಿ ಓದುವ ಮೊದಲೇ ಅದನ್ನು ಮಾಡಿದರೂ ನನಗೆ ಬೇಸರವಿಲ್ಲ.

ಇನ್ನು ಮುಳ್ಳು ನಿಂತದ್ದೇಕೆ? ಮೊದಲ ವಾರಗಳಲ್ಲಿ ಇಳಿಯುವ ತೂಕದಲ್ಲಿ ನೀರಿನ ಪಾಲು ದೊಡ್ಡದು. ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆ ಕರಗುವಾಗ, ಅದರ ಒಂದೊಂದು ಗ್ರಾಂ ಜೊತೆಗೆ ಸುಮಾರು ಮೂರು ಗ್ರಾಂ ನೀರೂ ಹೋಗುತ್ತದೆ. ಕೊಬ್ಬಿನ ಲೆಕ್ಕ ನಿಧಾನದ್ದು. ಒಂದು ಕಿಲೋ ಕೊಬ್ಬು ಕರಗಲು ಸುಮಾರು 7700 ಕ್ಯಾಲೊರಿ ಕೊರತೆ ಬೇಕು. ದಿನಕ್ಕೆ 500 ಕಡಿಮೆ ತಿಂದರೂ ಹದಿನೈದು ದಿನ ಹಿಡಿಯುತ್ತದೆ. ಅದೂ ಆ 500 ಹಾಗೆಯೇ ಉಳಿದರೆ! ಅದು ಉಳಿಯುವುದಿಲ್ಲ. ಹಗುರಾದ ದೇಹ ನಡೆಯಲು, ಏಳಲು, ಉಸಿರಾಡಲು ಕೂಡ ಕಡಿಮೆ ಖರ್ಚು ಮಾಡುತ್ತದೆ.

ದೇಹದ ಈ ಜಿಪುಣತನ ಎಷ್ಟು ದೂರ ಹೋಗಬಲ್ಲದು ಎಂಬುದನ್ನು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 1945ರಲ್ಲಿ ತೋರಿಸಿದರು. ಯುದ್ಧದಿಂದ ಹಸಿದಿದ್ದ ಯುರೋಪಿನ ಜನರಿಗೆ ಹೇಗೆ ಉಣ್ಣಿಸಬೇಕೆಂದು ತಿಳಿಯಲು ನಡೆದ ಪ್ರಯೋಗ ಅದು. 36 ಯುವಕರು ಸ್ವ‌ಇಚ್ಛೆಯಿಂದ 24 ವಾರ ಅರೆಹೊಟ್ಟೆಯಲ್ಲಿದ್ದರು. ತೂಕ ಸುಮಾರು ಕಾಲು ಭಾಗ ಇಳಿಯಿತು. ಸುಮ್ಮನೆ ಮಲಗಿದ್ದಾಗ ದೇಹ ಮಾಡುವ ಖರ್ಚು ಸುಮಾರು ಶೇಕಡ 40ರಷ್ಟು ಇಳಿಯಿತು. ಅಷ್ಟೇ ಅಲ್ಲ, ಅವರಿಗೆ ಹಗಲಿರುಳೂ ಊಟದ್ದೇ ಯೋಚನೆ.

ಆ ಕೊನೆಯ ಮಾತನ್ನು ಗಮನಿಸಿ. ಖರ್ಚು ಇಳಿಯುವುದಕ್ಕಿಂತ ಹಸಿವು ಏರುವುದೇ ದೊಡ್ಡ ಸಮಸ್ಯೆ. ಅಮೆರಿಕದ ಕೆವಿನ್ ಹಾಲ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನ ಸಕ್ಕರೆ ಕಾಯಿಲೆಯವರ ಮೇಲೆಯೇ ನಡೆದದ್ದು. ಕ್ಯಾನಾಗ್ಲಿಫ್ಲೋಜಿನ್ ಎಂಬ ಮಾತ್ರೆ ದಿನವೂ ಒಂದಿಷ್ಟು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಹೀಗೆ ಸೋರಿಹೋಗುವುದು ರೋಗಿಯ ಅರಿವಿಗೇ ಬರುವುದಿಲ್ಲ. ಒಂದು ವರ್ಷದ ಲೆಕ್ಕ ಹಾಕಿ ನೋಡಿದಾಗ, ಇಳಿದ ಪ್ರತಿ ಕಿಲೋಗೆ ದಿನಕ್ಕೆ ಸರಾಸರಿ 100 ಕ್ಯಾಲೊರಿಯಷ್ಟು ಹೆಚ್ಚಿನ ಆಹಾರ ತಮಗೇ ತಿಳಿಯದಂತೆ ಒಳಗೆ ಹೋಗಿತ್ತು. ದೇಹದ ಖರ್ಚಿನಲ್ಲಾದ ಇಳಿಕೆ ಇದರ ಮೂರನೆಯ ಒಂದು ಭಾಗದಷ್ಟು ಮಾತ್ರ. ಏಳು ಕಿಲೋ ಇಳಿದವರ ಹಸಿವು ಎಷ್ಟು ಎಳೆದಾಡುತ್ತದೆಂದು ಗಣಿತ ಬಲ್ಲ ಮಕ್ಕಳೇ ಲೆಕ್ಕ ಹಾಕಲಿ. ಆದ್ದರಿಂದ "ನಾನು ಮೊದಲಿನಷ್ಟೇ ತಿನ್ನುತ್ತಿದ್ದೇನೆ" ಎನ್ನುವ ಅಪ್ಪ ಸುಳ್ಳು ಹೇಳುತ್ತಿಲ್ಲ. ಸೌಟು ತಾನಾಗಿಯೇ ತುಸು ದೊಡ್ಡದಾಗಿರುತ್ತದೆ, ಅಷ್ಟೆ.

ಹಾಗಾಗಿ ಇನ್ನೊಂದು ಹೊತ್ತಿನ ಊಟ ಕತ್ತರಿಸುವ ಮೊದಲು ಒಂದು ವಾರ ಅಡುಗೆಮನೆಯ ಲೆಕ್ಕ ಬರೆಯಿರಿ. ಎಣ್ಣೆಯಿಂದ ಆರಂಭಿಸಿ. ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ ನಾಲ್ಕು ಲೀಟರ್ ಎಣ್ಣೆ ಮುಗಿದರೆ, ತಲೆಗೆ ದಿನಕ್ಕೆ ಸುಮಾರು 30 ಗ್ರಾಂ. ಗ್ರಾಮಿಗೆ 9ರಂತೆ 270 ಕ್ಯಾಲೊರಿ. "ಬರೀ ಎರಡು ಚಪಾತಿ, ಒಂದಿಷ್ಟು ಪಲ್ಯ" ಎನ್ನುವವರ ಲೆಕ್ಕದಲ್ಲಿ ಇದು ಬರುವುದೇ ಇಲ್ಲ. ಸಂಜೆ ಹೊತ್ತು ಕಳೆಯಲು ಬಾಯಿಗೆ ಹಾಕಿಕೊಳ್ಳುವ ಹಿಡಿ ಕಡಲೆಕಾಯಿ ಬೀಜ, 30 ಗ್ರಾಂ ಎಂದರೂ 170. ಸಕ್ಕರೆಯಿಲ್ಲದ ಕಾಫಿಯಲ್ಲೂ ಹಾಲಿದೆ. ಸಕ್ಕರೆ ಕಾಯಿಲೆಯವರಿಗೆಂದೇ ಮಾರುವ ಬಿಸ್ಕತ್ತಿನಲ್ಲಿ ಸಕ್ಕರೆ ಇಲ್ಲದಿರಬಹುದು, ಹಿಟ್ಟು ಮತ್ತು ಕೊಬ್ಬು ಇದ್ದೇ ಇರುತ್ತವೆ. ಪೊಟ್ಟಣದ ಹಿಂಬದಿ ಓದಿ.

ನಮ್ಮ ಕಡೆ ಇನ್ನೊಂದು ಭ್ರಮೆ ಇದೆ: ಅನ್ನ ಬಿಟ್ಟು ಮುದ್ದೆ ತಿಂದರೆ ತೂಕ ಇಳಿಯುತ್ತದೆ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕ್ಯಾಲೊರಿ, ರಾಗಿ ಹಿಟ್ಟಿನಲ್ಲಿ ಸುಮಾರು 320. ರಾಗಿಯಲ್ಲಿ ನಾರು, ಸುಣ್ಣದ ಅಂಶ ಹೆಚ್ಚು, ನನಗೂ ಅದು ಇಷ್ಟ. ಆದರೆ ಮುದ್ದೆಯ ಗಾತ್ರ ಕಿರಿದಾಗದಿದ್ದರೆ ಮುಳ್ಳು ಅಲುಗದು. ರಾಗಿ ಗಂಜಿಯಂತೂ ಸಕ್ಕರೆಯನ್ನು ಬೇಗನೆ ಏರಿಸುತ್ತದೆ. ಮುದ್ದೆ ಅರ್ಧ ಮಾಡಿ, ಹುರುಳಿ ಅಥವಾ ಹೆಸರುಕಾಳಿನ ಸಾರು, ಸೊಪ್ಪಿನ ಪಲ್ಯ ಎರಡು ಪಾಲು ಮಾಡಿ. ತಿನ್ನುವ ಮನೆಯಾದರೆ ಮೊಟ್ಟೆ, ಮೀನು. ಕಾಳು, ಮೊಸರು, ಮೊಟ್ಟೆಗಳ ಪ್ರೋಟೀನು ಹೊಟ್ಟೆಯನ್ನು ಹೆಚ್ಚು ಹೊತ್ತು ತಣಿಸುತ್ತದೆ, ಸ್ನಾಯು ಕರಗುವುದನ್ನೂ ತಡೆಯುತ್ತದೆ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ಇದನ್ನು ಹೆಚ್ಚಿಸಬೇಕು. ಅಪ್ಪನಿಗೊಂದು, ಉಳಿದವರಿಗೊಂದು ಎಂದು ಅಮ್ಮ ಎರಡು ಅಡುಗೆ ಮಾಡುವುದನ್ನು ನಿಲ್ಲಿಸಿ. ಈ ಊಟ ಯಾರಿಗೂ ಕೆಟ್ಟದ್ದಲ್ಲ, ಜೊತೆಗೆ ಎರಡು ಅಡುಗೆ ಮೂರು ತಿಂಗಳಿಗಿಂತ ಹೆಚ್ಚು ನಡೆದ ಮನೆ ಅಪರೂಪ.

ನಡಿಗೆಯ ಜೊತೆಗೆ ಸ್ನಾಯುಗಳಿಗೂ ಕೆಲಸ ಬೇಕು. ಕುರ್ಚಿಯಿಂದ ಕೈ ಊರದೆ ಹತ್ತು ಬಾರಿ ಎದ್ದು ಕೂರುವುದು, ಗೋಡೆಗೆ ಕೈ ಕೊಟ್ಟು ದಂಡ ಹೊಡೆಯುವುದು ಸಾಕು. ಊಟದ ನಂತರ ಹತ್ತು ನಿಮಿಷ ಅಂಗಳದಲ್ಲಿ ಓಡಾಡಿದರೆ ಊಟದಿಂದ ಏರುವ ಸಕ್ಕರೆಯೂ ತಗ್ಗುತ್ತದೆ. ಇಷ್ಟೆಲ್ಲ ಮಾಡಿಯೂ ಎರಡು ತಿಂಗಳು ಬದಲಾವಣೆ ಇಲ್ಲದಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಬಹುದು. ಕೆಲವು ಸಕ್ಕರೆ ಮಾತ್ರೆಗಳು ಮತ್ತು ಇನ್ಸುಲಿನ್ ತಾವೇ ತೂಕ ಹೆಚ್ಚಿಸುತ್ತವೆ, ಬದಲಿ ಔಷಧಿ ಇದೆಯೇ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ತೂಕವೊಂದೇ ಸಾಕ್ಷಿಯಲ್ಲ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿ‌ಎ‌1ಸಿ ಪರೀಕ್ಷೆ ಏನು ಹೇಳುತ್ತದೆ? ಬೆಲ್ಟಿನ ತೂತು ಎಷ್ಟು ಹಿಂದೆ ಸರಿದಿದೆ? ಚೆನ್ನೈನ ಡಾ. ಎ. ರಾಮಚಂದ್ರನ್ ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದವರು ಊಟ ಮತ್ತು ನಡಿಗೆ ತಿದ್ದಿಕೊಂಡರು. ಮೂರು ವರ್ಷದಲ್ಲಿ ಕಾಯಿಲೆಗೆ ಜಾರುವ ಸಂಭವ ಶೇಕಡ 28.5ರಷ್ಟು ತಗ್ಗಿತು. ತೂಕ ಮಾತ್ರ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ! ಬ್ರಿಟನ್ನಿನಲ್ಲಿ 2017ರಲ್ಲಿ ಪ್ರಕಟವಾದ 'ಡೈರೆಕ್ಟ್' ಅಧ್ಯಯನದಲ್ಲಿ ದಿನಕ್ಕೆ ಸುಮಾರು 850 ಕ್ಯಾಲೊರಿಯ ಪಥ್ಯ ಮಾಡಿದವರಲ್ಲಿ ಶೇಕಡ 46ರಷ್ಟು ಮಂದಿ ವರ್ಷದ ಕೊನೆಗೆ ಮಾತ್ರೆ ಇಲ್ಲದೆ ಸಕ್ಕರೆ ಹತೋಟಿಯಲ್ಲಿಟ್ಟಿದ್ದರು. ಈ ಸುದ್ದಿ ಓದಿ ಉಪವಾಸ ಕೂರುವವರಿಗೆ ತಿಳಿಯದ ಸಂಗತಿಯೊಂದಿದೆ: ಅಲ್ಲಿ ವೈದ್ಯರು ಪಥ್ಯದ ಮೊದಲ ದಿನವೇ ಸಕ್ಕರೆಯ ಮಾತ್ರೆಗಳನ್ನು ನಿಲ್ಲಿಸಿದ್ದರು.

82ರಲ್ಲಿ ಏಳು ಎಂದರೆ ಶೇಕಡ 8ಕ್ಕಿಂತ ಹೆಚ್ಚು. ಕೆಲವು ತಿಂಗಳು 75ರಲ್ಲೇ ನಿಲ್ಲುವುದು ಸೋಲಲ್ಲ, ಗಳಿಸಿದ್ದನ್ನು ಕಾಯುವ ಕೆಲಸ. ಮಕ್ಕಳು ಅಪ್ಪನ ತಟ್ಟೆಗೆ ಕಾವಲು ನಿಲ್ಲಬಾರದು. ಎಲ್ಲರೆದುರು "ಇನ್ನೊಂದು ಹೋಳಿಗೆ ಬೇಡ ಅಪ್ಪ" ಎಂದರೆ ಅವರು ಮರೆಯಲ್ಲಿ ಎರಡು ತಿನ್ನುತ್ತಾರೆ. ಲೆಕ್ಕದ ಪುಸ್ತಕ ಇಟ್ಟುಕೊಡಿ, ಸಂಜೆ ಜೊತೆಗೆ ನಡೆಯಿರಿ.

ಹಾಗೆಯೇ ಟೇಪನ್ನು ನಿಮ್ಮ ಸೊಂಟಕ್ಕೂ ಒಮ್ಮೆ ಸುತ್ತಿ. ತಂದೆಗೋ ತಾಯಿಗೋ ಈ ಕಾಯಿಲೆ ಇದ್ದರೆ ಮಕ್ಕಳಿಗೂ ಅದರ ಅಪಾಯ ಹೆಚ್ಚು. ನೋಡಲು ತೆಳ್ಳಗಿದ್ದ ಮಾತ್ರಕ್ಕೆ ನಿಶ್ಚಿಂತೆ ಬೇಡ. ಪುಣೆಯ ಡಾ. ಸಿ.ಎಸ್. ಯಾಜ್ಞಿಕ್ 2004ರಲ್ಲಿ ಬ್ರಿಟಿಷ್ ವೈದ್ಯರೊಬ್ಬರ ಪಕ್ಕ ನಿಂತು ತೆಗೆಸಿಕೊಂಡ ಚಿತ್ರವೊಂದನ್ನು ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ 22.3. ದೇಹದ ಕೊಬ್ಬು ಬ್ರಿಟಿಷರದು ಶೇಕಡ 9.1, ನಮ್ಮವರದು 21.2. ಭಾರತೀಯ ಗಂಡಸರಿಗೆ ಸೊಂಟದ ಸುತ್ತಳತೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ಉಸಿರು ಬಿಟ್ಟ ಮೇಲೆ ಅಳೆಯಬೇಕು, ಹೊಟ್ಟೆಯನ್ನು ಒಳಗೆಳೆದುಕೊಂಡಲ್ಲ.