ಈತಿಬಾಧೆಯ ಹೊಸ ರೂಪ

ನಮ್ಮ ಪೂರ್ವಿಕರು ಬೆಳೆಗೆ ಒದಗುವ ಕೇಡುಗಳನ್ನು ‘ಈತಿ’ ಎಂಬ ಒಂದೇ ಹೆಸರಿನಲ್ಲಿ ಅಡಕಮಾಡಿದ್ದರು. ಅತಿವೃಷ್ಟಿ, ಅನಾವೃಷ್ಟಿ, ಇಲಿ, ಮಿಡತೆ, ಗಿಳಿ, ನೆರೆಯರಸರ ದಂಡು, ಇವೇ ಆ ಕೇಡುಗಳು. ಮಿಡತೆಯ ಹಿಂಡು ಆಕಾಶವನ್ನು ಮುಚ್ಚಿ ಬರುತ್ತಿತ್ತು. ಹಸುರನ್ನು ತಿಂದು ಮುಂದೆ ಸಾಗುತ್ತಿತ್ತು. ಅದರ ಬರವೂ ಹೋಗೂ ಎಲ್ಲರಿಗೂ ತಿಳಿಯುತ್ತಿದ್ದವು. ಈಗಿನ ಕೀಟಬಾಧೆಯ ರೀತಿಯೇ ಬೇರೆ. ದೂರದ ಸೀಮೆಯ ಹುಳವು ಯಾರ ಕಣ್ಣಿಗೂ ಬೀಳದೆ ಬಂದು ಇಲ್ಲಿಯೇ ಬೀಡುಬಿಡುತ್ತದೆ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಹಿರಿಯ ವಾಚಕರಿಗೆ ಕಬ್ಬಿನ ಬಿಳಿ ಉಣ್ಣೆಹೇನಿನ ನೆನಪು ಇದ್ದೇ ಇರಬೇಕು. ಈಶಾನ್ಯ ಭಾರತದಲ್ಲಿ ಮೊದಲೇ ಇದ್ದ ಈ ಕೀಟವು 2002ರಲ್ಲಿ ಸಾಂಗಲಿಯ ಸೀಮೆಯಲ್ಲಿ ಕಾಣಿಸಿಕೊಂಡು, ಬಹುಕಾಲ ಕಳೆಯುವ ಮೊದಲೇ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಕಬ್ಬಿಗೂ ತಗುಲಿತು. ಎಲೆಯ ಕೆಳಮೈಗೆ ಹಿಂಜಿದ ಅರಳೆಯನ್ನು ಅಂಟಿಸಿದಂತೆ ತೋರುವ ಈ ಹೇನು ರಸವನ್ನು ಹೀರುತ್ತದೆ. ಅದು ವಿಸರ್ಜಿಸುವ ಸಿಹಿ ಅಂಟು ಕೆಳಗಿನ ಎಲೆಗಳ ಮೇಲೆ ಬಿದ್ದು, ಅಲ್ಲಿ ಕಾಡಿಗೆಯಂಥ ಬೂಷ್ಟು ಬೆಳೆಯುತ್ತದೆ. ಬೆಳಕು ತಗಲದ ಎಲೆಯು ಗಿಡಕ್ಕೆ ಆಹಾರವನ್ನು ಸಿದ್ಧಪಡಿಸಲಾರದು. ಆದುದರಿಂದ ಕಬ್ಬಿನ ತೂಕವೂ ಸಕ್ಕರೆಯ ಅಂಶವೂ ಇಳಿಯುತ್ತವೆ. ಗಂಡಿನ ಸಂಗವಿಲ್ಲದೆಯೇ ಹೆಣ್ಣುಹೇನು ಮರಿಯಿಡುವುದರಿಂದ ಒಂದು ಉಳಿದರೂ ಸಂತತಿಯು ಹಬ್ಬುತ್ತದೆ. ಕಬ್ಬಿನ ದುಡ್ಡಿನಿಂದಲೇ ಮಗಳ ಮದುವೆ, ಮಗನ ಓದು, ಸಾಲದ ತೀರುವಳಿ ಸಾಗಬೇಕಾದ ಮನೆಗಳಿಗೆ ಇದು ಎಂಥ ಆಪತ್ತೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ತನ್ನ ನಾಡಿನಲ್ಲಿ ಮಿತಿಯಲ್ಲಿದ್ದ ಹುಳವು ಹೊಸ ನಾಡಿನಲ್ಲಿ ಮಿತಿಮೀರುವುದೇಕೆ? ಪ್ರತಿಯೊಂದು ಹುಳಕ್ಕೂ ಅದನ್ನು ತಿನ್ನುವ ಇನ್ನೊಂದು ಜೀವಿಯುಂಟು. ಪಯಣದಲ್ಲಿ ಆ ವೈರಿಯು ಹಿಂದುಳಿದರೆ ಬಂದ ಹುಳಕ್ಕೆ ಅಡ್ಡಿಯೇ ಇರದು. ಕ್ಯಾಲಿಫೋರ್ನಿಯದ ಕಿತ್ತಳೆಯ ತೋಟಗಳನ್ನು ಆಸ್ಟ್ರೇಲಿಯದಿಂದ ಬಂದ ಶಲ್ಕಕೀಟವು ಹಾಳುಗೆಡವುತ್ತಿರಲು, 1888ರಲ್ಲಿ ಅದೇ ಆಸ್ಟ್ರೇಲಿಯದಿಂದ ತರಿಸಿದ ಗುಲಗಂಜಿ ಹುಳವು ಅದನ್ನು ಅಡಗಿಸಿತು. ನಮ್ಮ ಉಣ್ಣೆಹೇನನ್ನು ಹತೋಟಿಗೆ ತರುವಲ್ಲಿಯೂ ‘ಡೈಫಾ’ ಎಂಬ ಪತಂಗದ ಮರಿಹುಳು, ‘ಮೈಕ್ರೋಮಸ್’ ಎಂಬ ಪುಟ್ಟ ಕೀಟ, ಇವುಗಳ ಉಪಕಾರವು ದೊಡ್ಡದು. ಧಾರವಾಡದ ಕೃಷಿ ವಿಶ್ವವಿದ್ಯಾಲಯವು ಇವುಗಳ ಪೋಷಣೆಗೆ ಶ್ರಮಿಸಿತು. ಅವಸರದಿಂದ ಸಿಂಪಡಿಸಿದ ವಿಷವಾದರೋ ವೈರಿಯೊಡನೆ ಮಿತ್ರನನ್ನೂ ಕೊಲ್ಲುತ್ತದೆ. ತರುವಾಯ ಬೇಗನೆ ಬೆಳೆಯುವುದು ವೈರಿಯೇ.

ಇಷ್ಟಕ್ಕೇ ಬಾಧೆ ಮುಗಿಯಲಿಲ್ಲ. ಅಮೆರಿಕ ಖಂಡದ ಸೈನಿಕಹುಳು 2016ರಲ್ಲಿ ಆಫ್ರಿಕವನ್ನು ಹೊಕ್ಕು, 2018ರಲ್ಲಿ ನಮ್ಮ ರಾಜ್ಯದ ಶಿವಮೊಗ್ಗದ ಕಡೆ ಗೋವಿನಜೋಳದಲ್ಲಿ ಕಾಣಿಸಿಕೊಂಡಿತು. ಅದರ ಪತಂಗವು ಒಂದು ರಾತ್ರಿಯಲ್ಲಿ 100 ಕಿಲೋಮೀಟರಿನಷ್ಟು ದೂರ ಹಾರಬಲ್ಲುದು. ತಲೆಯ ಮೇಲೆ ತಲೆಕೆಳಗಾದ ಕವಲಿನಂಥ ಬಿಳಿಗೆರೆ, ಬಾಲದ ಬಳಿ ಚೌಕಾಕಾರದ ನಾಲ್ಕು ಚುಕ್ಕೆ, ಇವು ಅದರ ಗುರುತು. ಹಗಲಲ್ಲಿ ಸುಳಿಯೊಳಗೆ ಅಡಗಿರುವುದರಿಂದ ಮೇಲೆ ಹೊಡೆದ ಔಷಧವು ಅದನ್ನು ಮುಟ್ಟುವುದು ಕಷ್ಟ.

ಹೊಲದ ಕೆಲಸದಲ್ಲಿ ತಾಯಂದಿರ ಪಾಲು ಸಣ್ಣದಲ್ಲ. ಆದುದರಿಂದ ಕೆಲವು ಮಾತುಗಳನ್ನು ಅವರ ಗಮನಕ್ಕೆ ತರುತ್ತೇನೆ. ಕಳೆ ತೆಗೆಯುವಾಗ ಎಲೆಯನ್ನು ತಿರುವಿ ನೋಡಿರಿ. ಸೈನಿಕಹುಳದ ರೋಮ ಹೊದ್ದ ಮೊಟ್ಟೆಯ ಗುಂಪು ಸಿಕ್ಕರೆ ಹಿಸುಕಿರಿ. ಹೇನು ತಗುಲಿದ ಕಬ್ಬಿನ ಸೋಗೆಯನ್ನು ದನಗಳ ಮೇವಿಗೆಂದು ಊರಿಂದೂರಿಗೆ ಒಯ್ಯಬೇಡಿರಿ. ಅಂಥ ಹೊಲದಿಂದ ಬೀಜದ ತುಂಡುಗಳನ್ನೂ ತರಬೇಡಿರಿ. ಹೇನಿನ ನಡುವೆ ಅದನ್ನು ತಿನ್ನುವ ಹುಳುಗಳು ಕಂಡರೆ ವಿಷಕ್ಕೆ ಕೈಹಾಕುವ ಮೊದಲು ಕೃಷಿ ಇಲಾಖೆಯವರನ್ನು ಕೇಳಿರಿ. ಸಿಂಪಡಿಸಲೇಬೇಕಾದಲ್ಲಿ ಮೂಗುಬಾಯಿಗಳನ್ನು ಮುಚ್ಚಿಕೊಳ್ಳಿರಿ, ಗಾಳಿಗೆ ಎದುರಾಗಿ ನಿಲ್ಲಬೇಡಿರಿ. ಬರಿದಾದ ವಿಷದ ಡಬ್ಬಿಯನ್ನು ತೊಳೆದು ನೀರಿಗೂ ಎಣ್ಣೆಗೂ ಬಳಸುವ ರೂಢಿಯು ಕೆಲವೆಡೆ ಉಂಟು. ಅದು ಮನೆಯ ಮಕ್ಕಳಿಗೆ ಪ್ರಾಣಾಂತಿಕವು.

ನೆರೆಯವನ ಹೊಲಕ್ಕೆ ಬಿದ್ದ ಹುಳು ಬದುವನ್ನು ನೋಡಿ ನಿಲ್ಲುವುದಿಲ್ಲ. ಆದುದರಿಂದ ಮೊದಲು ಕಂಡವರು ಮುಚ್ಚಿಡದೆ ಊರಿಗೆಲ್ಲ ತಿಳಿಸುವುದೇ ಈ ಈತಿಗೆ ಮೊದಲನೆಯ ಪರಿಹಾರವು.